ಮೊದಲನೆಯ ನರ

“ಕಿಟಕಿ ತೆರೀಬೇಡಿ ಡಾಕ್ಟ್ರೇ,” ಎಂದ ಅಳಿಯ. “ಪರೀಕ್ಷೆ ಕೆಡುತ್ತೆ.”

ಡಾಕ್ಟರು ಚಿಲಕದಿಂದ ಕೈ ತೆಗೆದರು; ಕಿಟಕಿಯ ಬಳಿಯಿಂದ ಮಾತ್ರ ಕದಲಲಿಲ್ಲ. ಸುಗಂಧದ ಕಾರ್ಖಾನೆಯ ಮಾಲಕಿ ಮೂಗಿಗೆ ಕರವಸ್ತ್ರ ಒತ್ತಿಕೊಂಡು, ಬಾಗಿಲ ಪಕ್ಕದ ಕುರ್ಚಿಯನ್ನೇ ಆರಿಸಿಕೊಂಡರು. ದೊಡ್ಡವರಿಗೆ ನೆಗಡಿಯೂ ದೊಡ್ಡದೇ ಬರುತ್ತದೆ ಎಂದುಕೊಂಡ ಅಳಿಯ. ಕಾಫಿ ತಂದ ಆಯಾ ಹೊಸ್ತಿಲಲ್ಲೇ ತಟ್ಟೆಯಿಟ್ಟು ಓಡಿದಳು. ನಾಳೆಯ ಅಧಿಕಾರಿಗೆ ಇಂದೇ ಹೆದರುತ್ತಾಳೆ ಎಂದು ಅವನಿಗೆ ಸಂತೋಷವಾಯಿತು. ಬೀರುವಿಗೆ ಒರಗಿ ನಿಂತ.

ಎದುರಿಗೆ ಸೋದರಮಾವ ಕುಳಿತಿದ್ದರು. ಅವರೇ ಕಾರ್ಖಾನೆಯ ಮೂಗು. ಅವರು ಮೂಸಿ ತಲೆಯಾಡಿಸದೆ ಒಂದು ಸೀಸೆಗೂ ಬಿರಡೆ ಬೀಳುತ್ತಿರಲಿಲ್ಲ. ಅಳಿಯ ಅವರ ಸಹಾಯಕ. ಮಾವ ತಲೆಯಾಡಿಸಿದಾಗ ತಾನೂ ಆಡಿಸುವುದು ಅವನ ಕೆಲಸ. ಅದನ್ನು ಅವನು ಲೋಪವಿಲ್ಲದೆ ಮಾಡಿಕೊಂಡು ಬಂದಿದ್ದ.

ಮಾವ ಮೆಟ್ಟಿಲ ಮೇಲೆ ಜಾರಿ ಹಿಂದಲೆಗೆ ಪೆಟ್ಟು ಮಾಡಿಕೊಂಡಾಗ ಮನೆಯವರು ದೇವರನ್ನು ನೆನೆದರು. ಅಳಿಯ ಅಂಗರಚನೆಯ ಪುಸ್ತಕ ಕೊಂಡ. ಆಗ ಅವನಿಗೂ ಜ್ವರ ಬಂದಿತ್ತು, ಹಾಸಿಗೆಯಲ್ಲೇ ಓದಿದ. ತಲೆಬುರುಡೆಯ ನರಗಳು ಹನ್ನೆರಡು ಜೊತೆ. ಮೊದಲನೆಯದು ವಾಸನೆಯದು. ಅದರ ಎಳೆಗಳು ಮೂಗಿನ ಮೇಲ್ತುದಿಯಲ್ಲಿ ಜರಡಿಯಂಥ ಎಲುಬಿನೊಳಗೆ ನುಸುಳಿ ಮಿದುಳಿಗೆ ಏರುತ್ತವೆ. ಹಿಂದಲೆಗೆ ಪೆಟ್ಟು ಬಿದ್ದರೆ ಹರಿದುಹೋಗಬಹುದು. ನರ ಕೆಡಲು ಪುಸ್ತಕ ಬೇರೆ ಕಾರಣಗಳನ್ನೂ ಕೊಟ್ಟಿತ್ತು. ಅವನು ತನ್ನ ಮೂಗಿನ ನೇರಕ್ಕೆ ಓದುವವನು. ಬೇಕಾದದ್ದು ಸಿಕ್ಕಿದೊಡನೆ ಪುಸ್ತಕ ಮುಚ್ಚಿ, ಮಾವನ ಮೂಗನ್ನು ಪರೀಕ್ಷಿಸಬೇಕೆಂದು ಮಾಲಕಿಗೆ ಬರೆದ.

ಜ್ವರ ಬಿಟ್ಟ ಮೇಲೆ ಅವನಿಗೆ ಉಳಿದ ಕೊರತೆ ಒಂದೇ: ಹೆಂಡತಿಯ ಅಡುಗೆ. “ಹುಲ್ಲು ಬೇಯಿಸಿ ಹಾಕ್ತೀಯಾ?” ಎಂದು ದಿನವೂ ತಟ್ಟೆ ದೂಡುತ್ತಿದ್ದ. ಅವಳು ಮಸಾಲೆ ಹೆಚ್ಚಿಸಿ ಹೆಚ್ಚಿಸಿ ಸೋತಿದ್ದಳು.

“ಇದೇ ಕೋಣೇಲೇ ಆಗಬೇಕೇನಪ್ಪ?” ಮಾವ ಬಾಯಿಂದ ಉಸಿರೆಳೆದುಕೊಳ್ಳುತ್ತ ಕೇಳಿದರು.

ಬಾಯಿಂದ ಉಸಿರು. ಅಳಿಯ ಅದನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಂಡ.

“ಯಾಕೆ ಮಾವ, ಭಯಾನಾ? ಹೊರಗಿನ ಗಾಳಿ ಸೋಕಬಾರದು ಅಂತ ವಾರದಿಂದ ಮುಚ್ಚಿಟ್ಟಿದ್ದೀನಿ. ಬೆಳಗ್ಗೆಯಿಂದ ಇಲ್ಲೇ ಕೂತು ಸೀಸೆ ಜೋಡಿಸಿದ್ದೀನಿ.”

“ಬೆಳಗ್ಗೆಯಿಂದ?” ಮಾಲಕಿ ಕರವಸ್ತ್ರದೊಳಗಿಂದ ಕೇಳಿದರು. “ಹಾಗಾದ್ರೆ ಇದೂ ಪರೀಕ್ಷೆಯ ಭಾಗಾನಾ?”

“ಇಲ್ಲಿರೋದೆಲ್ಲ ಪರೀಕ್ಷೆಯ ಭಾಗಾನೇ ಮೇಡಂ. ಎಲ್ಲ ನಾನೇ ಇಟ್ಟಿದ್ದು.”

ಮೂವರೂ ಮುಖ ಮುಖ ನೋಡಿಕೊಂಡರು. ಮೆಚ್ಚುಗೆ ಎಂದುಕೊಂಡ ಅಳಿಯ.

ಡಾಕ್ಟರು ಬೇಗ ಬೇಗ ಮುಗಿಸಿದರು. ಅಕ್ಷರ ಓದಿಸಿದರು. ಬೆರಳು ಆಡಿಸಿದರು, ಮಾವನ ಕಣ್ಣು ಹಿಂಬಾಲಿಸಿದವು. ಕೆನ್ನೆಗೆ ಹತ್ತಿ ಸೋಕಿಸಿದರು. ಹುಬ್ಬು ಏರಿಸಿದ್ದಾಯಿತು, ಕಿವಿಯ ಬಳಿ ಬೆರಳು ಉಜ್ಜಿದ್ದಾಯಿತು, “ಆ” ಎಂದದ್ದಾಯಿತು. ಭುಜ ಏರಿಸಿ ಎಂದಾಗ ಮಾವ ಏರಿಸಿದ ರೀತಿ, ಈ ಇಡೀ ವ್ಯವಹಾರದ ಬಗ್ಗೆ ಅವರ ಅಭಿಪ್ರಾಯವೂ ಆಗಿತ್ತು. ಕೊನೆಗೆ ನಾಲಿಗೆ ಚಾಚಿಸಿದರು. ಅದು ಎಡಕ್ಕೂ ವಾಲಲಿಲ್ಲ, ಬಲಕ್ಕೂ ವಾಲಲಿಲ್ಲ. ನೇರವಾಗಿ ಅಳಿಯನ ಕಡೆಗೇ ಇತ್ತು.

“ಹನ್ನೊಂದು ಸರಿ ಇವೆ,” ಎಂದರು ಡಾಕ್ಟರು. “ಉಳಿದದ್ದು ಮೊದಲನೇದು. ಬೇಗ ಮುಗಿಸಪ್ಪ.”

ಅಳಿಯ ಸೀಸೆಗಳನ್ನು ತಂದ. ನಾಲ್ಕು. ಬೆಳಗ್ಗೆ ತಾನೇ ಮೂಸಿ ನೋಡಿದ್ದ. ಮೂರನೆಯದಕ್ಕೆ ಕಣ್ಣಲ್ಲಿ ನೀರು ಬಂದಿತ್ತು. ಸಾಮಾನು ಒಳ್ಳೆಯದು ಎಂದು ಬಿರಡೆ ಹಾಕಿದ್ದ. ನಾಲ್ಕನೆಯದನ್ನು ಮೂಸುವ ಅಗತ್ಯ ಕಾಣಲಿಲ್ಲ. ಅದರ ಮೇಲೆ ಗುಲಾಬಿ ಎಂದು ಬರೆದಿತ್ತು.

ಮಾವ ಕಣ್ಣು ಮುಚ್ಚಿದರು.

“ಪುದೀನದ ಹರಳು.”

ಎರಡನೆಯದು. “ವಿನೆಗರ್.”

ಮೂರನೆಯದಕ್ಕೆ ತಲೆ ಹಿಂದಕ್ಕೆ ಹಾರಿತು, ಕಣ್ಣು ತುಂಬಿದವು. “ಅಮೋನಿಯಾ. ಕೊಂದೇ ಹಾಕ್ತೀಯೇನೋ?”

“ಮೂಗು ಚೆನ್ನಾಗೇ ಇದೆಯಲ್ಲ,” ಎಂದರು ಮಾಲಕಿ.

ಅಳಿಯ ಈ ಮಾತಿಗಾಗಿಯೇ ಕಾದಿದ್ದ. “ಮರ್ಮ ಇರೋದೇ ಅಲ್ಲಿ ಮೇಡಂ. ತಂಪು, ಉರಿ, ಚುರುಕು, ಇವನ್ನ ತಿಳಿಸೋದು ಐದನೇ ನರ. ಮೊದಲನೇ ನರ ಸತ್ತೋನಿಗೂ ಅಮೋನಿಯಾ ಹಿಡಿದ್ರೆ ಕಣ್ಣೀರು ಬರುತ್ತೆ. ಕಣ್ಣೀರು ಬಂತು ಅಂತ ಮೂಗಿದೆ ಅಂದ್ಕೊಳ್ಳೋನು ಶುದ್ಧ ಪೆದ್ದ. ಕೇಳಿ ಬೇಕಾದ್ರೆ.”

ಡಾಕ್ಟರು ತಲೆಯಾಡಿಸಿದರು. ಶಾಸ್ತ್ರ ಸರಿಯಾಗಿತ್ತು.

“ಈಗ ನಾಲ್ಕನೇದು. ಇದರಲ್ಲಿ ಉರಿ ಇಲ್ಲ, ಚುರುಕಿಲ್ಲ. ಬರೀ ವಾಸನೆ. ಹೇಳಿ ಮಾವ.”

ಮಾವ ಸೀಸೆ ಮೂಸಿದರು. ಮತ್ತೆ ಮೂಸಿದರು. ಕೆಳಗಿಟ್ಟರು.

“ಈ ಕೋಣೇಲಿ ಯಾವ ಹೂವೂ ಬದುಕಲ್ಲಪ್ಪ.”

“ಒಗಟು ಬೇಡ. ಏನದು?”

“ಗೊತ್ತಾಗ್ತಿಲ್ಲ.”

ಅಳಿಯ ಮಾಲಕಿಯ ಕಡೆ ತಿರುಗಿದ. ಇಷ್ಟು ವರ್ಷ ತನಗೆ ಕಸುಬು ಕಲಿಸಿದವರನ್ನು ಕುರ್ಚಿಯಿಂದ ಇಳಿಸುವಾಗ ದನಿ ನಡುಗೀತೆಂಬ ಅಂಜಿಕೆ ಅವನಿಗಿತ್ತು. ನಡುಗಲಿಲ್ಲ.

“ಗುಲಾಬಿ ಮೇಡಂ. ಕೂಸಿಗೂ ಗೊತ್ತಾಗೋ ಗುಲಾಬಿ. ಮೂಗಿಲ್ಲದೋನು ಆ ಕುರ್ಚೀಲಿ ಕೂರಬಾರದು. ನೀವೇ ಹೇಳಿ.”

“ಕೂರಬಾರದು, ಒಪ್ಪಿದೆ,” ಎಂದರು ಮಾಲಕಿ, ಎದ್ದು ನಿಂತು. “ಪರೀಕ್ಷೆ ಮುಗೀತು ತಾನೇ?”

“ಮುಗೀತು.”

“ಹಾಗಾದ್ರೆ ಬೀರುವಿನ ಹಿಂದೆ ನೀನಿಟ್ಟಿರೋ ಆ ಸತ್ತ ಹೆಗ್ಗಣಾನ ಮೊದಲು ಹೊರಗೆ ಹಾಕಿಸು. ಈ ವಾಸನೆ ಮುಂದೆ ಯಾರಿಗೆ ತಾನೇ ಗುಲಾಬಿ ಗೊತ್ತಾಗುತ್ತೆ?”

ಡಾಕ್ಟರು ಆಗಲೇ ಕಿಟಕಿ ತೆರೆದು ತಲೆ ಹೊರಗೆ ಹಾಕಿದ್ದರು. ಮಾವ ಮೂಗು ಮುಚ್ಚಿಕೊಂಡು ಬಾಗಿಲ ಕಡೆ ಹೊರಟಿದ್ದರು.

“ಯಾವ ವಾಸನೆ?” ಎಂದ ಅಳಿಯ.