ಕೇಳುವಂತೆ ಓದು

ಹೊರಗಿನಿಂದ ಚಿಲಕ ಬಿತ್ತು. ಶೀಲಾ ಹಲ್ಲು ಕಡಿದಳು.

“ಗಟ್ಟಿಯಾಗಿ ಓದು. ನನಗ ಕೇಳಸ್ಬೇಕು,” ಎಂದಳು ಅತ್ತೆ ಸಿದ್ದವ್ವ, ಬಾಗಿಲಾಚೆಯಿಂದ.

ಇಳಕಲ್ಲಿನ ಆ ಮನೆಯಲ್ಲಿ ಐದು ತಿಂಗಳಿಂದ ಇದೇ ಶಿಕ್ಷೆ. ಮಧ್ಯಾಹ್ನದ ಊಟ ಮುಗಿಯುತ್ತಲೇ ಎರಡು ತಾಸು ಸೊಸೆ ಕೋಣೆಯೊಳಗೆ, ಅತ್ತೆ ಪಡಸಾಲೆಯ ಕುಣಿಮಗ್ಗದೊಳಗೆ, ನೆಲದ ಗುಂಡಿಗೆ ಕಾಲಿಳಿಬಿಟ್ಟು ಸೀರೆ ನೇಯುತ್ತ. ನಡುವಿನ ಗೋಡೆಯಲ್ಲೊಂದು ಕಿಂಡಿ. ಓದು ನಿಂತರೆ ಮಗ್ಗವೂ ನಿಲ್ಲುತ್ತಿತ್ತು. “ಯಾಕ ನಿಂತಿ?” ಎಂಬ ದನಿ ಕಿಂಡಿಯಿಂದ ತೂರಿಬರುತ್ತಿತ್ತು. ನೆರೆಯವರು ಬಂದರೆ, ಸೊಸೆ ಮನೆಯಲ್ಲಿಲ್ಲವೆಂದು ಅತ್ತೆ ಅಟ್ಟಿಬಿಡುತ್ತಿದ್ದಳು.

ಓದುತ್ತಿದ್ದದ್ದು ಪಾಶ್ಚಾತ್ಯ ಕಲೆಯ ಇತಿಹಾಸ. ದೂರಶಿಕ್ಷಣದ ಸರ್ಟಿಫಿಕೇಟ್ ಕೋರ್ಸು. ಕನ್ನಡ ಓದಲು ಬರೆಯಲು ಬಂದರೆ ಸಾಕು, ಯಾರು ಬೇಕಾದರೂ ಪರೀಕ್ಷೆ ಕಟ್ಟಬಹುದು. ಪಾಸಾದರೆ ಬಾಗಲಕೋಟೆಯ ಖಾಸಗಿ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುವ ಕೆಲಸ. ಗಂಡ ವಿಜಯಮಹಾಂತೇಶ ಅಲ್ಲೇ ಮನೆ ಮಾಡಲು ಒಪ್ಪಿದ್ದ. ಫೇಲಾದರೆ? “ಬಾಜೂಕ ಇನ್ನೊಂದ ಕುಣಿ ಐತಿ,” ಎಂದಿದ್ದಳು ಸಿದ್ದವ್ವ, ನಗದೆ.

ಮೊದಲ ತಿಂಗಳು ಶೀಲಾ ನೆಟ್ಟಗೇ ಓದಿದಳು. ಆಮೇಲೆ ರೋಸಿಹೋಯಿತು. ತಾನೇನು ಕಳ್ಳಿಯೇ, ಹೀಗೆ ಕಾವಲು ಕಾಯಲಿಕ್ಕೆ? ಹೊಸ ಸೆರಗಿನ ಎಳೆಲೆಕ್ಕವನ್ನು ಯಾರಾದರೂ ಒಮ್ಮೆ ಕೂಗಿ ಹೇಳಿದರೆ ಸಾಕು, ತಿಂಗಳಾದರೂ ತಪ್ಪದೆ ನೇಯುವವಳು ಅತ್ತೆ. ಆ ಕಿವಿಯಿಂದ ಏನೂ ತಪ್ಪಿಸಿಕೊಳ್ಳುವುದಿಲ್ಲ, ನಿಜ. ಆದರೆ ಕೇಳಿದ್ದು ಸರಿಯೋ ತಪ್ಪೋ ಎಂದು ಅದಕ್ಕೆ ಗೊತ್ತಾಗುವುದಾದರೂ ಹೇಗೆ?

ಅಂದಿನಿಂದ ಕಣ್ಣಿನಲ್ಲಿ ಪುಸ್ತಕ ಓದುತ್ತ, ಬಾಯಲ್ಲಿ ಮನಸ್ಸಿಗೆ ಬಂದದ್ದನ್ನು ಒದರತೊಡಗಿದಳು.

“ಕ್ಯೂಬಿಸಂ ಹುಟ್ಟಿದ್ದು ಹನ್ನೆರಡನೆಯ ಶತಮಾನದ ಚರ್ಚುಗಳಲ್ಲಿ. ಬರೋಕ್ ಕಲಾವಿದರು ರೈಲುಗಾಡಿ ಬಿಟ್ಟು ಬೇರೇನನ್ನೂ ಬರೆಯಲಿಲ್ಲ. ಇಂಪ್ರೆಷನಿಸ್ಟರು ಬಿಸಿಲಿಗೆ ಹೆದರಿ ನೆಲಮಾಳಿಗೆಯಲ್ಲಿ ಕೂತು ಚಿತ್ರ ಬರೆದರು.”

ಮಗ್ಗ ಗಕ್ಕನೆ ನಿಂತಿತು.

“ಇನ್ನೊಮ್ಮಿ ಅನ್ನು. ಯಾತಕ್ಕ ಹೆದರಿ?”

“ಬಿಸಲಿಗಿರಿ, ಅತ್ತಿ.”

“ಹೂಂ.” ಮಗ್ಗ ಮತ್ತೆ ಶುರುವಾಯಿತು.

ಶೀಲಾ ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕಳು. ಆ ಕೋಣೆಯೊಳಗೆ ಅವಳಿಗೆ ಸಿಕ್ಕ ಸುಖ ಅದೊಂದೇ. ನಾಲ್ಕು ತಿಂಗಳು ಒಂದು ದಿನವೂ ಬಿಡದೆ ಅನುಭವಿಸಿದಳು.

ಪರೀಕ್ಷೆಯ ದಿನ ಬಾಗಲಕೋಟೆಯ ಬಸ್ಸಿನಲ್ಲೂ ಸಿದ್ದವ್ವ ಪಕ್ಕದಲ್ಲೇ. ಹೊಸ ಸೀರೆ, ಹಣೆಗೆ ವಿಭೂತಿ. ದಾರಿಯುದ್ದಕ್ಕೂ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದಳು. ವಚನ ಹೇಳಿಕೊಳ್ಳುತ್ತಿದ್ದಾಳೆಂದು ಶೀಲಾ ಕಿಟಕಿಯ ಕಡೆ ಮುಖ ತಿರುಗಿಸಿದಳು. ಇನ್ನು ಮೂರೇ ತಾಸು, ಆಮೇಲೆ ಈ ಕಾವಲಿನಿಂದ ಬಿಡುಗಡೆ.

ಪರೀಕ್ಷಾ ಕೇಂದ್ರದ ಗೇಟಿನಲ್ಲಿ ಶೀಲಾ ತಿರುಗಿ ನಿಂತಳು. “ಅತ್ತಿ, ನಿಮ್ಮನ್ನ ಒಳಗ ಬಿಡೂದಿಲ್ರಿ. ಆ ಗಿಡದ ಕೆಳಗ ಕೂಡ್ರಿ.”

ಸಿದ್ದವ್ವ ಕೂಡಲಿಲ್ಲ. ಎಲೆಅಡಿಕೆಯ ಚೀಲದಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ಕಾವಲಿನವನ ಕೈಗೆ ಕೊಟ್ಟಳು. ಹಾಲ್ ಟಿಕೆಟ್ಟು. ಮೂಲೆಯಲ್ಲಿ ಅವಳದೇ ಫೋಟೋ.

“ನಿನ್ನ ಗಂಡನ ಕೈಲೆ ಫಾರ್ಮ್ ತುಂಬಿಸಿದ್ದೆ. ನೀ ನಗ್ತಿ ಅಂತ ಹೇಳಲಿಲ್ಲ,” ಎಂದಳು ನಾಚಿಕೊಂಡು. “ಮೂವತ್ತೆಂಟ ವರ್ಷ ಆ ಕುಣ್ಯಾಗ ಕುಂತೀನಿ. ನನಗೂ ಮ್ಯಾಲೆ ಬರಬೇಕಂತ ಆಸಿ ಆತು. ಓದಾಕ ಬರಿಯಾಕ ಬರ್ತೈತಿ, ಪುಸ್ತಕ ಹಿಡಿಯಾಕ ಕೈಗೆ ಪುರಸೊತ್ತ ಎಲ್ಲಿತ್ತು?”

ಶೀಲಾಳ ಮುಖ ಬಿಳಿಚಿಕೊಂಡಿತು. ಸಿದ್ದವ್ವ ಅವಳ ಬೆನ್ನು ಸವರಿದಳು.

“ಅಂಜಬ್ಯಾಡವ್ವ. ನೀ ಓದಿದ್ದರಾಗ ಒಂದಕ್ಷರ ಮರತಿಲ್ಲ ನಾ.”