ನೋಡೋದು, ಕಾಣೋದು

ಹಿರಿಯೂರಿನ ಕಣ್ಣಿನ ಕ್ಯಾಂಪಿನಲ್ಲಿ ಹೊನ್ನಕ್ಕನ ಪಟ್ಟಿ ಬಿಚ್ಚಿದ ಮದ್ರಾಸಿನ ಡಾಕ್ಟರಿಗೆ ಕನ್ನಡ ಬರುತ್ತಿರಲಿಲ್ಲ. "ಕ್ಯಾನ್ ಶಿ ಸೀ?" ಎಂದು ಅವಳ ಗಂಡ ಮೂರ್ತಪ್ಪ ಮೇಷ್ಟ್ರನ್ನು ಕೇಳಿದರು.

ಲುಕ್ ಅಂದರೆ ನೋಡುವುದು, ಸೀ ಅಂದರೆ ಕಾಣುವುದು ಎಂದು ಮೇಷ್ಟ್ರು ವರ್ಷ ವರ್ಷವೂ ಮಕ್ಕಳಿಗೆ ಬಿಡಿಸಿ ಹೇಳಿದವರು. ಆದರೆ ಹೆಂಡತಿಯನ್ನು ಕಾಣುತ್ತದೆಯೇ ಎಂದು ಕೇಳಲು ಈಗ ಅವರಿಗೆ ಧೈರ್ಯ ಬರಲಿಲ್ಲ.

"ನನ್ನ ಕಡೆ ನೋಡ್ತಿದೀಯೇನೇ?" ಎಂದರು.

ಹೊನ್ನಕ್ಕ ದನಿ ಬಂದತ್ತ ಮುಖ ತಿರುಗಿಸಿದಳು. "ಹೂಂ, ನಿಮ್ಮ ಕಡೇನೇ ನೋಡ್ತಿದೀನ್ರಿ."

"ಯೆಸ್" ಎಂದರು ಮೇಷ್ಟ್ರು. ಡಾಕ್ಟರು ನಗುತ್ತಾ ಅವರ ಕೈ ಕುಲುಕಿ ಪಕ್ಕದ ಮಂಚಕ್ಕೆ ಹೋದರು.

ಮೇಷ್ಟ್ರು ಹೆಂಡತಿಯ ಪಕ್ಕ ಕುಳಿತು ಮೆಲ್ಲಗೆ ಕೇಳಿದರು: "ಹೊನ್ನೀ, ನಾನು ಕಾಣ್ತೀನೇನೇ?"

ಅವಳು ತಡಕಾಡಿ ಅವರ ತೋಳು ಹಿಡಿದುಕೊಂಡಳು.

"ಅದೊಂದು ಕೇಳಬ್ಯಾಡ್ರಿ."