ಜವಾನರ ಸಲುವಾಗಿ ಬಂದ್

ಮಹೆಬೂಬ ಎಸ್‌ಟಿಡಿ ಬೂತಿನ ಶಟರ್ ಎಳೆದು ಬೀಗ ಹಾಕುತ್ತಿದ್ದಂತೆ ಸುಮನಬಾಯಿ ಓಡಿ ಬಂದು ಅವನ ಕೈ ಹಿಡಿದಳು. ಬಸ್ಸಿಲ್ಲವೆಂದು ಘಾಟಬೋರಾಳದಿಂದ ಹುಮನಾಬಾದಿಗೆ ನಡೆದೇ ಬಂದಿದ್ದಳು.

"ಮುಚ್ಚಬ್ಯಾಡ ಭಾಯಿ. ಹನ್ನೊಂದಕ್ಕ ನನ್ನ ಅಜೀತನ ಫೋನ್ ಬರ್ತದ. ಗುಡ್ಡ ಹತ್ತೋ ಮೊದ್ಲು ಒಂದ್ ಸಲ ಮಾತಾಡ್ತೀನಿ ಅಂತ ಕಾಗದ ಬರ್ದಾನ."

ಮಗ ಅಜೀತ ಸೈನಿಕ, ಕಾರ್ಗಿಲ್ ಯುದ್ಧದಲ್ಲಿದ್ದ. ಅವನ ದನಿ ಕೇಳಿ ಎರಡು ತಿಂಗಳಾಗಿತ್ತು.

"ಗೊತ್ತದ ಮೌಶಿ. ಖರೆ ಇವತ್ತು ಜವಾನರ ಸಲುವಾಗಿ ಬಂದ್ ಅದ. ಬ್ಯಾರೇದವರು ತೆರದ್ರ ಬೈದು ಬಿಡ್ತಾರ. ನಾ ತೆರದ್ರ ಪಾಕಿಸ್ತಾನದವ ಅಂತಾರ."

"ಯಾವನು ಅಂತಾನ, ನನ್ನ ಮುಂದ ಬಂದು ಅನ್ಲಿ!"

ಅಷ್ಟರಲ್ಲಿ ಮೆರವಣಿಗೆ ಬಂದೇ ಬಿಟ್ಟಿತು. ಮುಂದಿನ ಟೆಂಪೋದಲ್ಲಿ ಮೈಕು ಹಿಡಿದು ನಿಂತವನು ಬಟ್ಟೆ ವ್ಯಾಪಾರಿ ಗುರುಲಿಂಗ, ಬಂದ್ ಸಮಿತಿಯ ಅಧ್ಯಕ್ಷ. ಗಡಿ ಎಂದರೆ ಮಹಾರಾಷ್ಟ್ರದ ಗಡಿಯನ್ನಷ್ಟೇ ಕಂಡವನು.

"ಏ ಯವ್ವಾ, ಬಾಜೂಕ ಸರಿ. ಮಹೆಬೂಬ, ಚಾವಿ ಇಲ್ಲಿ ಕೊಡು. ಸಂಜಿಗೆ ಬಂದು ಒಯ್ಯಿ."

ಮಹೆಬೂಬ ತಲೆ ತಗ್ಗಿಸಿ ಕೊಟ್ಟ. ಸುಮನಬಾಯಿಗೆ ರೋಷ ಉಕ್ಕಿತು. "ನನ್ನ ಮಗ ಅಲ್ಲೇ ಲಡಾಯ್ದಾಗ ಹಾನ್ರಿ ಸಾವ್ಕಾರ್ರ! ಅವನ ಫೋನ್ ಬರೂದದ!"

ಗುರುಲಿಂಗನ ಮುಖ ಅರಳಿತು. ಟೆಂಪೋದಿಂದ ಜಿಗಿದವನೇ ತನ್ನ ಕೊರಳ ಹಾರ ತೆಗೆದು ಅವಳಿಗೆ ಹಾಕಿದ. ಈಗ ತಾನೇ 'ಬಾಜೂಕ ಸರಿ' ಎಂದ ಬಾಯಿಂದಲೇ "ಅಮ್ಮಾವ್ರ, ಬರ್ರಿ ಈ ಕಡೆ" ಎಂದ. ನಮ್ಮೂರ ವೀರಮಾತೆ ಎಂದು ಮೈಕಿನಲ್ಲಿ ಸಾರಿದ. ಜನ ಮುಗಿಬಿದ್ದು ಅವಳ ಕಾಲು ಮುಟ್ಟತೊಡಗಿದರು.

ಶಟರಿನ ಒಳಗೆ ಫೋನು ಹೊಡೆದುಕೊಳ್ಳತೊಡಗಿತು.

"ಬೀಗ ತಗೀರಿ! ನಿಮ್ಮ ಕಾಲಿಗಿ ಬೀಳ್ತೀನಿ, ತಗೀರಿ!"

"ತಗಸ್ತೀನಿ ಅಮ್ಮಾವ್ರ. ಮೊದ್ಲು ದೇಶದ ಸಲುವಾಗಿ ಎರಡ ಮಾತು ಹೇಳ್ರಿ," ಎಂದು ಗುರುಲಿಂಗ ಮೈಕನ್ನು ಅವಳ ಬಾಯಿಗೆ ಹಿಡಿದ.

ಸುಮನಬಾಯಿಯ ಮೈಯೆಲ್ಲ ಉರಿಯಿತು. ಹಾರ ಕಿತ್ತು ಅವನ ಮುಖಕ್ಕೆ ಎಸೆದು, ಇದ್ದ ಶಕ್ತಿಯೆಲ್ಲ ಹಾಕಿ ಚೀರಿದಳು: "ಬೀಗ ತಗಿಯೋ ಹಾಟ್ಯಾ! ಒಳಗ ನನ್ನ ಮಗ ಕರ್ಯಾಕತ್ತಾನ!"

ಮೈಕಿನಲ್ಲಿ ಏನು ಬಂದರೂ ಜೈ ಎನ್ನುವುದು ಬೆಳಗಿನಿಂದ ಆ ಗುಂಪಿಗೆ ರೂಢಿಯಾಗಿತ್ತು.

"ಜೈ!" ಎಂದು ಸಾವಿರ ಬಾಯಿ ಒಟ್ಟಿಗೇ ಕೂಗಿದವು.

ಜೈಕಾರ ಅಡಗಿದಾಗ ಶಟರಿನ ಒಳಗೂ ಸದ್ದಿರಲಿಲ್ಲ.